ಕಲಾವಿದರ ಊರು, ನೆರೆಯವರ ಅಂಗಳ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ನೆಲಸಿರುವ ನಾವು ರಾಜ್ಯೋತ್ಸವದ ದಿನ ಒಂದೆಡೆ ಸೇರಿದಾಗ ನಾಡಿನ ಏಕೀಕರಣದ ಕಥೆಯನ್ನು ನೆನೆಯುವುದು ವಾಡಿಕೆ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದುದನ್ನೂ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನೂ ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದುದರಿಂದ ನಾವು ಆ ಮಾತನ್ನು ಅವರಿಗೆ ಬಿಟ್ಟು, ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ನಾವು ವಾಸಿಸುವ ಈ ಚೆನ್ನೈ ನಗರದ ದಕ್ಷಿಣದಂಚಿನಲ್ಲಿ, ಇಂಜಂಬಾಕ್ಕಂ ಎಂಬಲ್ಲಿ, ಕಲಾವಿದರೇ ಕಟ್ಟಿ ಕಲಾವಿದರೇ ನಡೆಸಿಕೊಂಡು ಬಂದಿರುವ ಚೋಳಮಂಡಲ ಕಲಾಗ್ರಾಮದ ವಿಷಯ ಅದು. ಅಲ್ಲಿಯ ಚಿತ್ರಶಾಲೆಯೂ, ಅದರ ಅಂಗಳದಲ್ಲಿ ನೆರೆಹೊರೆಯವರನ್ನು ಕೂಡಿಸುವ ಕಾರ್ಯಕ್ರಮಗಳೂ ಇಂದಿನ ನಮ್ಮ ಮಾತಿಗೆ ವಸ್ತು.

ಇದಕ್ಕೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಎರಡು ಸಂಬಂಧಗಳಿವೆ. ಆ ಊರನ್ನು ಕಟ್ಟಿದ ಕೈಗಳಲ್ಲಿ ಕನ್ನಡದ ಕೈಯೂ ಒಂದಿತ್ತೆಂಬುದು ಮೊದಲನೆಯದು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ತಮ್ಮ ಹುಟ್ಟೂರನ್ನು ಬಿಟ್ಟುಬಂದ ನಾಲ್ಕಾರು ಭಾಷೆಗಳ ಜನ ಒಂದು ಮರಳುನೆಲದಲ್ಲಿ ಕೂಡಿ ನಿಂತು, ಒಂದು ಸಂಸ್ಥೆಯನ್ನು ಅರ್ಧ ಶತಮಾನಕ್ಕೂ ಮೀರಿ ಹೇಗೆ ಉಳಿಸಿಕೊಂಡರೆಂಬ ಪ್ರಶ್ನೆ ನಮ್ಮ ಸಂಘದ ಪ್ರಶ್ನೆಯೂ ಹೌದು.

ಮೊದಲು ಸ್ವಲ್ಪ ಹಿಂದಿನ ಕಥೆ. ಮದರಾಸಿನ ಕಲಾಶಾಲೆ ಬಹಳ ಹಳೆಯದು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಅದನ್ನು ಆರಂಭಿಸಿದರು. 1929ರಲ್ಲಿ ದೇವಿಪ್ರಸಾದ ರಾಯ್ ಚೌಧುರಿಯವರು ಅದರ ಮುಖ್ಯಸ್ಥರಾದರು. ನಮ್ಮ ಮರೀನಾ ಕಡಲತೀರದಲ್ಲಿ ಭಾರವಾದ ಬಂಡೆಯನ್ನು ಮೀಟುತ್ತಿರುವ ಕಾರ್ಮಿಕರ ಕಂಚಿನ ಪ್ರತಿಮೆ ಇದೆಯಲ್ಲ, ಅದು ಅವರದೇ ಕೃತಿ. ಅವರ ಶಿಷ್ಯರೂ, 1957ರಲ್ಲಿ ಅದೇ ಶಾಲೆಯ ಪ್ರಾಂಶುಪಾಲರೂ ಆದವರು ಕೆ. ಸಿ. ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಮಲಯಾಳಿ. 1944ರಲ್ಲಿಯೇ ಅವರು ಕೆಲವು ಗೆಳೆಯರೊಡನೆ ‘ಪ್ರೋಗ್ರೆಸ್ಸಿವ್ ಪೇಂಟರ್ಸ್ ಅಸೋಸಿಯೇಷನ್’ ಎಂಬ ಬಳಗವನ್ನು ಕಟ್ಟಿದ್ದರು.

ಪ್ರಾಂಶುಪಾಲರಾದ ಮೇಲೆ ಪಣಿಕ್ಕರರನ್ನು ಕಾಡಿದ ಚಿಂತೆ ಯಾವ ಗೃಹಸ್ಥನಿಗೂ ಅರ್ಥವಾಗುವಂಥದು. ಆರು ವರ್ಷ ಕಷ್ಟಪಟ್ಟು ಚಿತ್ರ ಬರೆಯಲು ಕಲಿತ ಹುಡುಗ ಶಾಲೆ ಬಿಟ್ಟ ಮೇಲೆ ಏನು ಮಾಡಬೇಕು? ಆ ಕಾಲದಲ್ಲಿ ಈ ಊರಿನಲ್ಲಿ ಚಿತ್ರ ಕೊಳ್ಳುವವರು ಅಪರೂಪ, ಚಿತ್ರ ತೂಗುಹಾಕಲು ಅಂಗಡಿಗಳೂ ಅಪರೂಪ. ಒಬ್ಬ ಜಾಹೀರಾತಿನ ಕಚೇರಿ ಸೇರುವನು. ಇನ್ನೊಬ್ಬ ಗಿರಣಿಯ ಬಟ್ಟೆಗೆ ನಮೂನೆ ಬರೆಯುವನು. ಮತ್ತೊಬ್ಬ ಬಣ್ಣವನ್ನೇ ಬಿಟ್ಟು ಗುಮಾಸ್ತೆಯಾಗುವನು. ಕಲಿತ ವಿದ್ಯೆ ಮೂರು ವರ್ಷದಲ್ಲಿ ಮರೆತುಹೋಗುವುದು. ಸರಕಾರ ಎಲ್ಲರಿಗೂ ನೌಕರಿ ಕೊಡಲಾರದು. ಧನಿಕರ ಕೃಪೆಯನ್ನು ನೆಚ್ಚಿ ಕೂರುವುದೂ ಮಾನವಂತರಿಗೆ ಸಲ್ಲದು.

ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಕಲೆ ಹೊಟ್ಟೆಗೆ ಹಾಕದಿದ್ದರೆ ಕೈಕಸಬು ಹಾಕಲಿ. ಕೈಕಸಬಿನಿಂದ ಹೊಟ್ಟೆ ತುಂಬಿಸಿಕೊಂಡು ಉಳಿದ ಹೊತ್ತಿನಲ್ಲಿ ಯಾರ ಹಂಗೂ ಇಲ್ಲದೆ ಚಿತ್ರ ಬರೆಯೋಣ. ಹೀಗೆ ಶಾಲೆಯ ಕಲಾವಿದರು ಬಾಟಿಕ್ ಕೆಲಸಕ್ಕೆ ತೊಡಗಿದರು. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದಿದರೆ, ಮೇಣವಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಮೇಣವನ್ನು ತೆಗೆದುಹಾಕಿದರೆ ಚಿತ್ತಾರ ಉಳಿಯುತ್ತದೆ. ಮೇಣ ಒಡೆದ ಕಡೆಗಳಲ್ಲಿ ಬಣ್ಣ ನುಸುಳಿ ಕೂದಲೆಳೆಯಂತಹ ಗೆರೆಗಳು ಮೂಡುವುದೇ ಅದರ ಸೊಗಸು. ಬಾಟಿಕ್ ಸೀರೆಗಳನ್ನೂ ಬಟ್ಟೆಗಳನ್ನೂ ಜನ ಮೆಚ್ಚಿ ಕೊಂಡರು. ತೊಗಲಿನ ಕೆಲಸ, ಲೋಹದ ಕೆಲಸ, ಮಣ್ಣಿನ ಪಾತ್ರೆ, ಒಡವೆ ಇವೆಲ್ಲ ಜೊತೆಗೂಡಿದವು. ಕುಶಲಕರ್ಮಕ್ಕಾಗಿ ಕಲಾವಿದರದೇ ಒಂದು ಸಂಘ ಹುಟ್ಟಿತು. ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲನ್ನು ಎಲ್ಲರೂ ಸಂಘಕ್ಕೆ ಬಿಟ್ಟರು. ಆ ಹಣವೇ ಕೂಡಿ ಕೂಡಿ ಕಡಲತೀರದಲ್ಲಿ ಸುಮಾರು 10 ಎಕರೆ ನೆಲವಾಯಿತು. 1966ರಲ್ಲಿ ಚೋಳಮಂಡಲ ಹುಟ್ಟಿತು. ಸೇರಿದ ಕಲಾವಿದರ ಸಂಖ್ಯೆ 40ರ ಆಸುಪಾಸು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ನೆಲ ದಾನವಾಗಿ ಬಂದುದಲ್ಲ, ಸರಕಾರ ಮಂಜೂರು ಮಾಡಿದುದೂ ಅಲ್ಲ. ದುಡಿದು ಕೊಂಡದ್ದು. ಅದಕ್ಕಾಗಿಯೇ ಯಾರೂ ಅಲ್ಲಿಂದ ಅವರನ್ನು ಎಬ್ಬಿಸಲು ಬರಲಿಲ್ಲ. ಸಂಘಸಂಸ್ಥೆಗಳನ್ನು ಕಟ್ಟಿ ನಡೆಸಿದವರು, ಬಾಡಿಗೆಯ ಕೊಠಡಿಯಿಂದ ಬಾಡಿಗೆಯ ಕೊಠಡಿಗೆ ಪುಸ್ತಕದ ಬೀರುಗಳನ್ನು ಹೊತ್ತು ತಿರುಗಿದವರು, ಈ ಮಾತಿನ ಬೆಲೆಯನ್ನು ಬಲ್ಲರು.

ಆಗ ಅದು ನಗರದಿಂದ ದೂರದ ಮರಳುದಿಣ್ಣೆ. ಗರಿಯ ಗುಡಿಸಲುಗಳನ್ನು ಹಾಕಿಕೊಂಡು ಕೆಲಸಕ್ಕೆ ತೊಡಗಿದವರಲ್ಲಿ ತಮಿಳರಿದ್ದರು, ಮಲಯಾಳಿಗಳಿದ್ದರು, ತೆಲುಗರಿದ್ದರು, ಕನ್ನಡಿಗರಿದ್ದರು. ಜೆ. ಸುಲ್ತಾನ್ ಅಲಿ, ಕೆ. ವಿ. ಹರಿದಾಸನ್, ಎಂ. ಸೇನಾಧಿಪತಿ, ಪಿ. ಗೋಪಿನಾಥ್, ಜಯಪಾಲ ಪಣಿಕ್ಕರ್, ಶಿಲ್ಪಿ ಎಸ್. ನಂದಗೋಪಾಲ್ ಮುಂತಾದವರ ಹೆಸರುಗಳು ಆ ಊರಿನೊಡನೆ ಬೆಸೆದುಕೊಂಡಿವೆ. ಕೆ. ರಾಮಾನುಜಂ ಎಂಬ ತರುಣ ಕಲಾವಿದ ಲೋಕದ ವ್ಯವಹಾರಕ್ಕೆ ಹೊಂದಿಕೊಳ್ಳಲಾರದ ಮನಸ್ಸಿನವರು. ಕನಸಿನ ಅರಮನೆಗಳನ್ನೂ, ವಿಚಿತ್ರ ಪ್ರಾಣಿಗಳನ್ನೂ ಮಸಿಯಲ್ಲಿ ಎಳೆಎಳೆಯಾಗಿ ಬಿಡಿಸುತ್ತಿದ್ದ ಅವರಿಗೆ ಈ ಊರೇ ಆಶ್ರಯವಾಯಿತು. 1973ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಚಿತ್ರಗಳನ್ನು ಇಂದು ದೊಡ್ಡ ಸಂಗ್ರಹಾಲಯಗಳು ಗೌರವದಿಂದ ಇರಿಸಿಕೊಂಡಿವೆ. ಬದುಕಿದ್ದಾಗ ಅವರಿಗೆ ನೆಲೆ ಕೊಟ್ಟದ್ದು ಜೊತೆಯ ಕಲಾವಿದರು.

ಸ್ವತಃ ಪಣಿಕ್ಕರರ ವಿಷಯದಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಹೇಳಲೇಬೇಕಾದ ಒಂದು ಸಂಗತಿಯಿದೆ. 1963ರಿಂದ ಅವರು ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆಯನ್ನು ಬರೆಯಲಾರಂಭಿಸಿದರು. ಆ ಚಿತ್ರಗಳ ತುಂಬ ಅಕ್ಷರಗಳು. ಜಾತಕದ ಮನೆಗಳಂತಹ ಚೌಕಗಳು, ಗಣಿತದ ಗುರುತುಗಳು, ಅಲ್ಲಲ್ಲಿ ಒಂದು ಹಕ್ಕಿ, ಒಂದು ಮೀನು, ಇವುಗಳ ನಡುವೆ ಸಾಲುಸಾಲಾಗಿ ಮಲಯಾಳ ಲಿಪಿಯನ್ನು ಹೋಲುವ ಬರಹ. ಓದಲು ಹೋದರೆ ಅರ್ಥ ಸಿಗುವುದಿಲ್ಲ. ನೋಡಲು ನಿಂತರೆ ಹಳೆಯ ಓಲೆಗರಿಯ ಮುಂದೆ ನಿಂತಂತಾಗುತ್ತದೆ. ತಾಯಿನುಡಿಯ ನಾಡಿನಿಂದ ದೂರವಿದ್ದು ಬಾಳಿದ ಒಬ್ಬ ಮನುಷ್ಯನ ಕೈ ಬಣ್ಣ ಹಿಡಿದಾಗ ತಾಯಿನುಡಿಯ ಅಕ್ಷರದ ಕಡೆಗೇ ಹರಿಯಿತು. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವಾಗ ಈ ಚಿತ್ರಗಳನ್ನು ನೆನೆಯಬೇಕು. ಅಕ್ಷರವೆಂದರೆ ಪರೀಕ್ಷೆಯ ಭಯವಲ್ಲ. ಅದಕ್ಕೊಂದು ರೂಪವಿದೆ, ಬಳುಕಿದೆ, ಚೆಲುವಿದೆ ಎಂದು ಮಗುವಿಗೆ ತೋರಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ಕನ್ನಡದ ಕೈಯ ಮಾತು. ಎಸ್. ಜಿ. ವಾಸುದೇವ್ ಅವರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಕಲಿತು ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ಅವರ ಪತ್ನಿ ಅರ್ನವಾಜ್ ಕೂಡ ಚಿತ್ರಕಾರ್ತಿ. ತಾಮ್ರದ ತಗಡಿನಲ್ಲಿ ಉಬ್ಬುಚಿತ್ರಗಳನ್ನು ಮಾಡುವ ಕೆಲಸದಲ್ಲಿ ವಾಸುದೇವ್ ಅವರು ಹೆಸರು ಗಳಿಸಿದರು. ‘ವೃಕ್ಷ’ ಎಂಬ ಅವರ ಚಿತ್ರಮಾಲೆಯನ್ನು ನೋಡಿದವರಿಗೆ ಬೇರು, ಕೊಂಬೆ, ಹಕ್ಕಿಗಳ ಲೋಕ ಕಣ್ಣಿಗೆ ಕಟ್ಟಿದಂತಿರುತ್ತದೆ. 1988ರಲ್ಲಿ ಅರ್ನವಾಜ್ ತೀರಿಕೊಂಡ ಮೇಲೆ ವಾಸುದೇವ್ ಅವರು ಬೆಂಗಳೂರಿಗೆ ತೆರಳಿದರು.

ನಮ್ಮಲ್ಲಿ ಅನೇಕರು ‘ಸಂಸ್ಕಾರ’ ಚಲನಚಿತ್ರವನ್ನು ನೋಡಿದ್ದೀರಿ. ಯು. ಆರ್. ಅನಂತಮೂರ್ತಿಯವರ ಕಾದಂಬರಿ 1965ರದು, ಚಿತ್ರ 1970ರದು. ಅತ್ಯುತ್ತಮ ಚಿತ್ರಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಪಡೆದ ಮೊದಲನೆಯ ಕನ್ನಡ ಚಿತ್ರ ಅದು. ಅದರ ಕಲಾನಿರ್ದೇಶಕರು ಇದೇ ವಾಸುದೇವ್. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದ ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಇದೇ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿದ್ದು, ‘ಮದ್ರಾಸ್ ಪ್ಲೇಯರ್ಸ್’ ಎಂಬ ನಾಟಕ ತಂಡದಲ್ಲಿ ದುಡಿದವರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಕವಿ. ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ಅದೇ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಮಲೆನಾಡಿನ ಅಗ್ರಹಾರದ ಕಥೆಯೊಂದು, ಕನ್ನಡವೇ ಮನೆಮಾತಲ್ಲದವರನ್ನೂ ಕೂಡಿಸಿಕೊಂಡು ಕನ್ನಡದ ಹೊಸ ಚಿತ್ರರಂಗಕ್ಕೆ ಬಾಗಿಲು ತೆರೆದ ಬಗೆ ಇದು. ಹೊರನಾಡ ಕನ್ನಡಿಗರು ತಾಯ್ನಾಡಿನಿಂದ ಪಡೆಯುವವರು ಮಾತ್ರ, ಕೊಡುವವರಲ್ಲ ಎಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚಿತ್ರಕಾರನೂ ನಾಟಕಕಾರನೂ ಕವಿಯೂ ಒಂದೇ ಊರಿನಲ್ಲಿದ್ದು, ಒಬ್ಬರ ಕೆಲಸವನ್ನೊಬ್ಬರು ನೋಡುವ ಅಭ್ಯಾಸವಿದ್ದುದರಿಂದ ಇದು ಸಾಧ್ಯವಾಯಿತು.

ಈಗ ಕಾರ್ಯಕ್ರಮಗಳ ವಿಷಯಕ್ಕೆ ಬರೋಣ. ಚಿತ್ರಶಾಲೆಗಳಲ್ಲಿ ಎರಡು ಬಗೆ. ವ್ಯಾಪಾರಿ ನಡೆಸುವ ಚಿತ್ರಶಾಲೆ ಒಂದು. ಅವನು ಜಾಗಕ್ಕೆ ಬಾಡಿಗೆ ತೆರುತ್ತಾನೆ, ದೀಪ ಹಾಕಿಸುತ್ತಾನೆ, ಮಾರಾಟವಾದ ಚಿತ್ರದ ಮೇಲೆ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾರಾಟವಾಗುವುದನ್ನೇ ಅವನು ತೋರಬೇಕು. ಕೊಳ್ಳಲು ಶಕ್ತಿಯುಳ್ಳವರನ್ನೇ ಕರೆಯಬೇಕು. ಎರಡನೆಯದು ಕಲಾವಿದರೇ ನಡೆಸುವ ಚಿತ್ರಶಾಲೆ. ಅಲ್ಲಿ ಜೊತೆಯ ಕಲಾವಿದರು ಒಪ್ಪಿದ ಕೆಲಸ ಗೋಡೆಯನ್ನೇರುತ್ತದೆ, ಅದು ಮಾರಾಟವಾಗಲಿ ಬಿಡಲಿ. ಆದರೆ ಬೀಗ ತೆರೆಯುವುದು, ಕಸ ಗುಡಿಸುವುದು, ಲೆಕ್ಕ ಬರೆಯುವುದು, ವಿದ್ಯುತ್ತಿನ ಬಿಲ್ಲು ಕಟ್ಟುವುದು, ಬಂದವರೊಡನೆ ಮಾತಾಡುವುದು ಇವೆಲ್ಲವೂ ಬಣ್ಣ ಹಿಡಿಯಬೇಕಾದ ಕೈಗಳ ಮೇಲೆಯೇ ಬೀಳುತ್ತವೆ. ಕಡಲತೀರದಲ್ಲಿ ಇನ್ನೊಂದು ತೊಡಕು: ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮಳೆಗಾಲದ ತೇವಕ್ಕೆ ಕ್ಯಾನ್ವಾಸು ಬೂಷ್ಟು ಹಿಡಿಯುತ್ತದೆ. ಇದನ್ನೆಲ್ಲ ಹೊತ್ತುಕೊಂಡು ನಡೆಸಲು ಬರೀ ಉತ್ಸಾಹ ಸಾಲದು; ಜನ ಬರಬೇಕು.

ಜನರನ್ನು ಬರಮಾಡಿಕೊಳ್ಳಲು ಚೋಳಮಂಡಲದವರು ಹಿಡಿದ ದಾರಿ ಅಂಗಳದ ದಾರಿ. ಅಲ್ಲಿ ಬಯಲು ರಂಗಮಂದಿರವೊಂದನ್ನು ಕಟ್ಟಿದರು. ನೃತ್ಯ, ಸಂಗೀತ, ನಾಟಕ, ಕವಿತೆಗಳ ಓದು ಇವುಗಳಿಗೆ ಅದು ನೆಲೆಯಾಯಿತು. ಚಿತ್ರ ನೋಡಲೆಂದು ಅಷ್ಟು ದೂರ ಬರಲಾರದವನು ನಾಟಕ ನೋಡಲು ಬರುತ್ತಾನೆ. ನಾಟಕಕ್ಕೆ ಬಂದವನು ಹೊತ್ತಿಗೆ ಮುಂಚೆ ಬಂದರೆ ಚಿತ್ರಶಾಲೆಯೊಳಗೆ ಒಂದು ಸುತ್ತು ಹಾಕುತ್ತಾನೆ. ಸುತ್ತು ಹಾಕಿದವನ ಮಗು ಒಂದು ಶಿಲ್ಪದ ಮುಂದೆ ನಿಂತುಬಿಡುತ್ತದೆ. ಹೀಗೆ ಅಭಿರುಚಿ ಬೆಳೆಯುತ್ತದೆ. ಇದು ನಮ್ಮ ಹಿರಿಯರಿಗೆ ತಿಳಿದ ಉಪಾಯವೇ. ದೇವಸ್ಥಾನದ ಜಾತ್ರೆಗೆ ತೇರು ನೋಡಲು ಹೋದವನು ಯಕ್ಷಗಾನವನ್ನೂ ನೋಡಿ ಬರುತ್ತಿದ್ದನಷ್ಟೆ. ಕಲೆಯನ್ನು ಬಾಳಿನ ಬೇರೆ ಸಂಭ್ರಮಗಳಿಂದ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಒಣಗುತ್ತದೆ.

ಕಾಲ ಸರಿದಂತೆ ಊರೂ ಬೆಳೆಯಿತು. ಹೊರಗಿನಿಂದ ಬರುವ ಕಲಾವಿದರು ತಂಗಿ ಕೆಲಸ ಮಾಡಲು ಅನುಕೂಲ ಕಲ್ಪಿಸಿದರು. ಗ್ರಾನೈಟ್ ಶಿಲ್ಪಗಳ ಉದ್ಯಾನವೊಂದು ರೂಪುಗೊಂಡಿತು. 2009ರಲ್ಲಿ ಸಮಕಾಲೀನ ಕಲೆಯ ಕೇಂದ್ರವೊಂದು ತೆರೆಯಿತು. ಮದರಾಸಿನ ಕಲಾಚಳವಳಿಯ ಕೃತಿಗಳ ಸಂಗ್ರಹಾಲಯವೂ, ಹೊರಗಿನ ಕಲಾವಿದರು ಬಾಡಿಗೆಗೆ ಪಡೆದು ಪ್ರದರ್ಶನ ಏರ್ಪಡಿಸಬಹುದಾದ ಚಿತ್ರಶಾಲೆಗಳೂ ಅದರಲ್ಲಿ ಸೇರಿದವು. ಬಾಡಿಗೆಯ ಏರ್ಪಾಟು ಬರೀ ವ್ಯವಹಾರವಲ್ಲ. ಹೆಸರಿಲ್ಲದ ಒಬ್ಬ ತರುಣ ತನ್ನ ಮೊದಲ ಪ್ರದರ್ಶನವನ್ನು ಹಿರಿಯರ ಕೃತಿಗಳ ಪಕ್ಕದ ಕೊಠಡಿಯಲ್ಲಿ ಏರ್ಪಡಿಸಿದನೆಂದರೆ ಅವನ ಎದೆ ಎಷ್ಟು ಹಿಗ್ಗಬೇಡ! ಅವನ ಮನೆಯವರು ಬರುತ್ತಾರೆ, ಬೀದಿಯವರು ಬರುತ್ತಾರೆ, ಶಾಲೆಯ ಮಾಸ್ತರರು ಬರುತ್ತಾರೆ. ಉದ್ಘಾಟನೆಯ ಸಂಜೆ ಬಂದವರಲ್ಲಿ ಹೆಚ್ಚಿನವರು ಚಿತ್ರ ಕೊಳ್ಳದೆ ಹೋಗಬಹುದು. ಆದರೆ ನಮ್ಮ ಹುಡುಗ ವ್ಯರ್ಥ ಕಾಲ ಕಳೆಯುತ್ತಿರಲಿಲ್ಲ ಎಂಬ ಅರಿವನ್ನು ಹೊತ್ತು ಹೋಗುತ್ತಾರೆ. ಬೆಲೆ ಕಟ್ಟಲಾಗದ ಲಾಭ ಅದು.

ತಾಯ್ನಾಡಿನಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಶಾಂತಿನಗರದಲ್ಲಿ ಕಲಾವಿದರೂ ಕಲಾ ಇತಿಹಾಸಕಾರರೂ ಆದ ಸುರೇಶ್ ಜಯರಾಮ್ ಅವರು 2003ರಲ್ಲಿ ತಮ್ಮ ಮನೆಯನ್ನೇ ಕಲಾವಿದರ ನೆಲೆಯಾಗಿಸಿದರು. ‘ಒನ್ ಶಾಂತಿರೋಡ್’ ಎಂದು ಅದರ ಹೆಸರು. ಒಂದು ಬಾದಾಮಿ ಮರವನ್ನು ಕಡಿಯದೆ ಅದರ ಸುತ್ತ ಕಟ್ಟಡವನ್ನು ಎಬ್ಬಿಸಿದ್ದಾರೆ. ಪ್ರದರ್ಶನ, ಉಪನ್ಯಾಸ, ಚಿತ್ರಪ್ರದರ್ಶನ, ಪರಊರಿನ ಕಲಾವಿದರ ವಾಸ್ತವ್ಯ ಇವೆಲ್ಲ ಅಲ್ಲಿ ನಡೆದುಬಂದಿವೆ. ಅದೇ 2003ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ‘ಚಿತ್ರಸಂತೆ’ಯನ್ನು ಆರಂಭಿಸಿತು. ವರ್ಷದ ಆದಿಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ಚಿತ್ರ ಹರಡಿ ಕೂರುತ್ತಾರೆ. ತರಕಾರಿ ಸಂತೆಗೆ ಹೋಗುವಂತೆ ಜನ ಸಂಸಾರಸಮೇತ ಹೋಗುತ್ತಾರೆ. ಸಂತೆಯ ಸೊಗಸು ಒಂದು. ವರ್ಷವೆಲ್ಲ ಬಾಗಿಲು ತೆರೆದಿರುವ ಮನೆಯ ಸೊಗಸು ಇನ್ನೊಂದು. ಸಂತೆಗೆ ಜನ ತಾವಾಗಿ ಬರುತ್ತಾರೆ. ಮನೆಗೆ ಬರಬೇಕಾದರೆ ಸ್ನೇಹ ಬೇಕು.

ಮಹನೀಯರೆ, ಈಗ ಕಷ್ಟದ ಮಾತನ್ನೂ ಹೇಳಬೇಕು. ಪಣಿಕ್ಕರರು 1977ರಲ್ಲಿ ಕಾಲವಾದರು. ಅವರ ಮಗ, ಆ ಊರಿನ ಭಾರವನ್ನು ಬಹುಕಾಲ ಹೊತ್ತ ನಂದಗೋಪಾಲರು 2017ರಲ್ಲಿ ಕಾಲವಾದರು. ಸ್ಥಾಪಕರ ತಲೆಮಾರು ಬಹುಮಟ್ಟಿಗೆ ಮರೆಯಾಗಿದೆ. ಚಿತ್ರಕಾರನ ಮಗ ಚಿತ್ರಕಾರನೇ ಆಗಬೇಕೆಂಬ ಕಟ್ಟಳೆಯಿಲ್ಲ. ಎಂಜಿನಿಯರನಾಗಬಹುದು, ಪರದೇಶಕ್ಕೆ ಹೋಗಬಹುದು. ಅತ್ತ ಮರಳುದಿಣ್ಣೆಯಿದ್ದ ಕಡೆ ಈಸ್ಟ್ ಕೋಸ್ಟ್ ರೋಡು ಬಂದು, ಇಂಜಂಬಾಕ್ಕಂ ಮಹಾನಗರದೊಳಗೆ ಸೇರಿಹೋಗಿ, ನೆಲದ ಬೆಲೆ ಗಗನಕ್ಕೇರಿದೆ. ಕಲಾವಿದರ ಮನೆಗಳ ಸುತ್ತ ಬಂಗಲೆಗಳೂ ಅಂಗಡಿಗಳೂ ಎದ್ದಿವೆ. ಹೊತ್ತು ಗೊತ್ತಿಲ್ಲದೆ ದುಡಿದ ಮೊದಲಿನವರು ಹೋದ ಮೇಲೆ ಮನೆಗಳು ಉಳಿಯಬಹುದು, ಗೋಡೆಯ ಚಿತ್ರಗಳು ಉಳಿಯಬಹುದು, ಊರೆಂಬುದು ಉಳಿಯುವುದೆ?

ಈ ಪ್ರಶ್ನೆಯನ್ನು ನಾವು ಪರರ ಮನೆಯ ಚಿಂತೆಯೆಂದು ಕೇಳುತ್ತಿಲ್ಲ. ನಮ್ಮ ಸಂಘಗಳ ಪಾಡನ್ನು ನೋಡಿ. ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿಗಳ ನೌಕರಿಗೆಂದು ಬಂದವರು, ಹೋಟೆಲು ತೆರೆಯಲು ಬಂದವರು, ಹತ್ತು ಹದಿನೈದು ಮಂದಿ ಸೇರಿ ತಿಂಗಳ ಚಂದಾ ಎತ್ತಿ ಸಂಘ ಕಟ್ಟಿದರು. ಅವರ ಮಕ್ಕಳು ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರ ಕಟ್ಟಿದರು. ಮೊಮ್ಮಕ್ಕಳೋ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು, ಅಜ್ಜಿಯೊಡನೆ ಮಾತ್ರ ಕನ್ನಡ. ಅಜ್ಜಿಯ ಬಾಳು ಮುಗಿದ ದಿನ ಆ ಮನೆಯಲ್ಲಿ ಕನ್ನಡದ ಬಾಯಿಯೂ ಮುಚ್ಚಿದಂತೆಯೆ ಎಂಬ ಅಂಜಿಕೆ ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ತಾಯಿತಂದೆಯರ ಎದೆಯಲ್ಲಿದೆ. ಭಾಷಣ ಮಾಡಿ ಈ ಅಂಜಿಕೆಯನ್ನು ಕಳೆಯಲಾಗುವುದಿಲ್ಲ. ಮಗುವಿಗೆ ಭಾಷಣ ಬೇಡ. ಕೈಗೆ ಕೆಲಸ ಬೇಕು, ಕಣ್ಣಿಗೆ ನೋಟ ಬೇಕು, ಜೊತೆಗೆ ಗೆಳೆಯರು ಬೇಕು.

ಕಲಾವಿದರ ಊರಿನಿಂದ ನಾವು ಕಲಿಯಬೇಕಾದುದು ಇಲ್ಲಿದೆ. ಅವರು ಸ್ವಜನರನ್ನಷ್ಟೇ ನೆಚ್ಚಲಿಲ್ಲ. ಅಂಗಳವನ್ನು ನೆರೆಯವರಿಗೆ ತೆರೆದರು. ನರ್ತಕರೂ ಕವಿಗಳೂ ಪರದೇಶದ ಶಿಲ್ಪಿಗಳೂ ಬಂದು ಹೋದರು. ಅವರ ಕಣ್ಣಿನಲ್ಲಿ ತಮ್ಮ ಊರು ಬೆಲೆಯುಳ್ಳದ್ದೆಂದು ಕಂಡಾಗ ಊರಿನವರ ಉತ್ಸಾಹವೂ ಉಳಿಯಿತು. ನಾವೂ ಹಾಗೆಯೇ. ಕನ್ನಡ ಸಂಘವೆಂದರೆ ಕನ್ನಡಿಗರು ಕನ್ನಡಿಗರಿಗೆ ಕನ್ನಡದ ಹಿರಿಮೆಯನ್ನು ಹೇಳಿಕೊಳ್ಳುವ ಜಾಗವಾದಷ್ಟು ದಿನ, ನಮ್ಮ ಹುಡುಗರು ಮೊಬೈಲು ನೋಡುತ್ತ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ತಮಿಳು ಗೆಳೆಯನನ್ನು ಕರೆತಂದು, ನಮ್ಮ ಭಾಷೆಯಲ್ಲಿ ಇಂಥದೊಂದಿದೆ ನೋಡು ಎಂದು ಹೆಮ್ಮೆಯಿಂದ ತೋರಿಸುವ ಅವಕಾಶ ಸಿಕ್ಕಿದ ದಿನ ಅದೇ ಹುಡುಗರು ಮುಂದಿನ ಸಾಲಿಗೆ ಬರುತ್ತಾರೆ.

ಆದುದರಿಂದ ನಾಲ್ಕು ಸಲಹೆಗಳನ್ನು ಸಂಘದ ಮುಂದಿಡುತ್ತೇವೆ.

ಒಂದು, ವರ್ಷಕ್ಕೊಮ್ಮೆಯಾದರೂ ಸಂಘದ ಸಂಸಾರಗಳೆಲ್ಲ ಕೂಡಿ ಚೋಳಮಂಡಲಕ್ಕೆ ಹೋಗಬೇಕು. ಅಜ್ಜ ಅಜ್ಜಿಯರನ್ನು ಬಿಟ್ಟುಹೋಗಬಾರದು. ಬುತ್ತಿ ಕಟ್ಟಿಕೊಂಡು ಹೋದರೆ ಇನ್ನೂ ಮುಂದೆ ಮುಟ್ಟುಕಾಡಿನ ದಕ್ಷಿಣಚಿತ್ರವನ್ನೂ ನೋಡಿ ಬರಬಹುದು. 1996ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನು ನಿಲ್ಲಿಸಿದ್ದಾರೆ. ಚಿತ್ರಗಳ ಮುಂದೆ ನಿಂತಾಗ ‘ಇದು ಏನು?’ ಎಂದು ಕೂಡಲೇ ಕೇಳುವ ಅವಸರ ಬೇಡ. ರಾಗ ಕೇಳುವಾಗ ಅದರ ಅರ್ಥವೇನೆಂದು ಯಾರೂ ಕೇಳುವುದಿಲ್ಲವಲ್ಲ. ಬಣ್ಣವನ್ನೂ ಗೆರೆಯನ್ನೂ ಅದೇ ತಾಳ್ಮೆಯಿಂದ ನೋಡಬೇಕು.

ಎರಡು, ಸಂಘದ ಒಂದು ಕಾರ್ಯಕ್ರಮವನ್ನು ಸಭಾಂಗಣದ ಬದಲು ಇಂತಹ ಅಂಗಳದಲ್ಲಿ, ಅಲ್ಲಿಯವರ ಒಪ್ಪಿಗೆ ಪಡೆದು, ಸಲ್ಲಬೇಕಾದ ಬಾಡಿಗೆಯನ್ನು ಸಲ್ಲಿಸಿ, ನಡೆಸಬೇಕು. ಕವಿತೆಗಳ ಓದು ಆಗಲಿ, ಗಮಕವಾಗಲಿ, ಮಕ್ಕಳ ನಾಟಕವಾಗಲಿ. ನೆರೆಯ ತಮಿಳರನ್ನೂ ಮಲಯಾಳಿಗಳನ್ನೂ ಕರೆಯಬೇಕು. ಕನ್ನಡ ಕವಿತೆಯ ಸಾರಾಂಶವನ್ನು ತಮಿಳಿನಲ್ಲಿ ಹೇಳಬಲ್ಲ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಎರಡು ಭಾಷೆ ಬಲ್ಲ ಮಗುವಿಗೆ ಅಂದು ಅದರ ಬೆಲೆ ತಿಳಿಯುತ್ತದೆ.

ಮೂರು, ಬಹುಮಾನಗಳ ವಿಷಯ. ಸನ್ಮಾನಕ್ಕೂ ಸ್ಪರ್ಧೆಗಳಿಗೂ ಅಂಗಡಿಯಿಂದ ತಂದ ಫಲಕಗಳನ್ನು ಕೊಡುವುದು ಎಲ್ಲ ಸಂಘಗಳ ರೂಢಿ. ಮನೆಗೆ ಹೋದ ಮೇಲೆ ಅವು ಅಟ್ಟ ಸೇರುತ್ತವೆ. ಅಷ್ಟೇ ಹಣಕ್ಕೆ ಒಬ್ಬ ಕಲಾವಿದ ಕೈಯಾರ ಮಾಡಿದ ಸಣ್ಣ ಅಚ್ಚುಚಿತ್ರವನ್ನೋ, ಮಣ್ಣಿನ ಪಾತ್ರೆಯನ್ನೋ ಕೊಟ್ಟರೆ ಪಡೆದವರ ಗೋಡೆಗೆ ಶೋಭೆ, ಮಾಡಿದವನಿಗೆ ಅನ್ನ. ಬಾಟಿಕ್ ಸೀರೆ ಕೊಂಡ ಹೆಂಗಸರಿಂದ ಒಂದು ಕಲಾಗ್ರಾಮವೇ ಎದ್ದಿತೆಂಬುದನ್ನು ಮರೆಯದಿರೋಣ. ಶಾಲು, ಹಾರ, ಫಲತಾಂಬೂಲಗಳು ಎಂದಿನಂತೆ ಇರಲಿ.

ನಾಲ್ಕು, ಮಕ್ಕಳಿಗೆ ಅಕ್ಷರದ ಚಿತ್ರಶಿಬಿರ. ಕನ್ನಡದ ಒಂದೊಂದು ಅಕ್ಷರವನ್ನು ಕೊಟ್ಟು ಅದರಿಂದ ಚಿತ್ರ ಕಟ್ಟಲು ಹೇಳೋಣ. ‘ಅ’ದ ಹೊಟ್ಟೆ, ‘ಳ’ದ ಸುರುಳಿ, ‘ಠ’ದ ದುಂಡು, ‘ಣ’ದ ಬಳುಕು ಇವುಗಳನ್ನು ಬಣ್ಣದಲ್ಲಿ ಬರೆದ ಕೈ ಮುಂದೆ ಲೇಖನಿಯಲ್ಲಿಯೂ ಬರೆಯುತ್ತದೆ. ಶಿಬಿರ ನಡೆಸಿಕೊಡಲು ನಗರದ ಕಲಾವಿದರನ್ನು, ಅವರು ಯಾವ ಭಾಷೆಯವರೇ ಆಗಿರಲಿ, ಕರೆಯೋಣ. ಮಕ್ಕಳ ಚಿತ್ರಗಳಲ್ಲಿ ಒಂದು ಮುಂದಿನ ವರ್ಷದ ಸ್ಮರಣಸಂಚಿಕೆಯ ಮುಖಪುಟಕ್ಕೆ ಏರಲಿ.

ಇವು ದೊಡ್ಡ ಯೋಜನೆಗಳಲ್ಲ. ಸರಕಾರಕ್ಕೆ ಮನವಿ ಬರೆಯಬೇಕಾದ ಅಗತ್ಯವಿಲ್ಲ. ದಾನಿಗಳ ಮನೆಯ ಬಾಗಿಲು ಕಾಯಬೇಕಾಗಿಲ್ಲ. ಒಂದು ಭಾನುವಾರ, ಒಂದು ಬಸ್ಸಿನ ಬಾಡಿಗೆ, ನಾಲ್ಕು ಮಂದಿ ಸ್ವಯಂಸೇವಕರು ಸಾಕು. ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಮೇಜಿನ ಮೇಲೆ ಇಡಲು ಅವರು ಒಪ್ಪಿದ್ದಾರೆ. ಬರುವ ಡಿಸೆಂಬರಿನಲ್ಲಿ ಮಳೆ ಹಿಂದೆಗೆದ ಮೇಲೆ ಮೊದಲನೆಯ ತಂಡ ಹೊರಡಬಹುದು.

ಮರಳಿನ ಮೇಲೆ ಮನೆ ಕಟ್ಟಬಾರದೆಂದು ಲೋಕ ಹೇಳುತ್ತದೆ. ಕಲಾವಿದರು ಮರಳಿನ ಮೇಲೆಯೇ ಕಟ್ಟಿದರು. ದುಡಿಮೆಯೂ ನೆರೆಯವರ ಸ್ನೇಹವೂ ಅದಕ್ಕೆ ಅಡಿಪಾಯವಾದುವು. ಹೊರನಾಡಿನಲ್ಲಿ ಕನ್ನಡದ ಮನೆ ಕಟ್ಟುವ ನಮಗೂ ಅಡಿಪಾಯ ಅವೇ. 

ಸಿರಿಗನ್ನಡಂ ಗೆಲ್ಗೆ.